ಮಳೆ ಬಂದರೆ?

ಶುಕ್ರವಾರದ ಕೊನೆಯ ಪಿರಿಯಡ್ಡು. ಒಬ್ಬೊಬ್ಬರಿಗೆ ಒಂದು ನಿಮಿಷ.
ವಿಷಯ: ನಮ್ಮ ಮನೆಯ ಒಂದು ಕೆಲಸ.
ಮ್ಫಾಂಗಾನೊ ದ್ವೀಪದ ತಗಡಿನ ಸೂರಿನ ಕೆಳಗೆ
ಮೂರನೇ ತರಗತಿ, ಐವತ್ತೆರಡು ಮಕ್ಕಳು.
ಗಡಿಯಾರ ನನ್ನ ಕೈಯಲ್ಲಿ ಮಾತ್ರ, ಅದೂ ನಾಲ್ಕು ನಿಮಿಷ ಹಿಂದೆ.

ಒಡೆರೊಗೆ ಒಂದು ನಿಮಿಷ ಯಾವ ಮೂಲೆಗೆ?
ದೋಣಿಗೆ ಡಾಂಬರು ಬಳಿಯಲು ಹೊರಟವನು
ಸೋದರಮಾವನ ಮದುವೆಯಲ್ಲಿ ಉಂಡು,
ಅಲ್ಲಿಂದ ನೀರಾನೆಯ ಬೆನ್ನು ಹತ್ತಿ
ಇನ್ನೂ ಸರೋವರದಲ್ಲೇ ಇದ್ದಾನೆ.
ಡಾಂಬರು ಡಬ್ಬಿಯಲ್ಲೇ ಇದೆ.

ಆಮೇಲೆ ಅವಿತಿ.
ಎದ್ದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.
ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ.
"ಗಟ್ಟಿಯಾಗಿ" ಅಂದೆ.
ಇನ್ನೊಮ್ಮೆ ಅಂದೆ. ಮೂರನೇ ಸಲವೂ ಅಂದೆ, ಗಟ್ಟಿಯಾಗಿ.
ಪ್ರತಿ ಸಲವೂ ಹುಡುಗಿ ಒಂದೊಂದು ಮೆಟ್ಟಿಲು
ತನ್ನೊಳಗೇ ಇಳಿದುಹೋದಳು.
ಹನ್ನೊಂದು ವರ್ಷದಿಂದ ಪಾಠ ಮಾಡುತ್ತೇನೆ.
ಮಾತಿನ ಪಾಠ ಅಂತ ನನಗೆ ಗೊತ್ತಿದ್ದದ್ದು ಆ ಒಂದೇ ಪದ.

ಶನಿವಾರ ಬೆಳಿಗ್ಗೆ ದಂಡೆಗೆ ಹೋಗಿದ್ದೆ, ಒಮೆನಾ ಕೊಳ್ಳಲು.
ಹಳೇ ಬಲೆಗಳ ಮೇಲೆ ಬೆರಳುದ್ದದ ಮೀನು,
ಯಾರೋ ಚಿಲ್ಲರೆ ಕಾಸು ಚೆಲ್ಲಿದ ಹಾಗೆ, ಕಣ್ಣು ಕುಕ್ಕುವಷ್ಟು.
"ಹೋಯ್!" ಅಂತ ಒಂದು ಕೂಗು.
ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವು.
ದೂರದ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದವನು
ತನ್ನನ್ನೇ ಕರೆದರೇನೋ ಎಂದು ತಿರುಗಿ ನೋಡಿದ.
ಕೋಲು ಹಿಡಿದು ನಿಂತಿದ್ದವಳು ಅವಿತಿ.
ನನ್ನನ್ನು ಕಂಡಳು. ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಮುಂದಿನ ಶುಕ್ರವಾರ ತರಗತಿ ಅತ್ತಿಮರದ ಕೆಳಗೆ.
ಗೋಣಿಯ ಮೇಲೆ ಅರ್ಧ ಕಿಲೋ ಹಸಿ ಒಮೆನಾ.
ಐವತ್ತೊಂದು ಮಕ್ಕಳು ಬೆಳ್ಳಕ್ಕಿಗಳು,
ಕಾವಲಿಗೆ ಒಬ್ಬಳು.
ಭಾಷಣ ಅಂತ ನಾನು ಹೇಳಲೇ ಇಲ್ಲ.
ಒಡೆರೊ ಕತ್ತು ಚಾಚಿ, ಒಂಟಿಗಾಲಲ್ಲಿ, ಕಳ್ಳ ಹೆಜ್ಜೆ ಇಟ್ಟು ಬಂದ.
ಕೊಕ್ಕು ಇನ್ನೇನು ತಾಗಬೇಕು,

"ಹೋಯ್!
ಮುಟ್ಟಬೇಡ, ಈಗಷ್ಟೇ ತಿರುವಿ ಹಾಕಿದ್ದೇನೆ!
ಒಂದೇ ಮಗ್ಗುಲಿಗೆ ಬಿಸಿಲು ಬಿದ್ದರೆ ಹೊಟ್ಟೆ ಕೊಳೆಯುತ್ತೆ.
ಮರಳ ಮೇಲೆ ಹಾಕಿದರೆ ಹಲ್ಲಿಗೆ ಕರಕರ,
ವ್ಯಾಪಾರಿ ಬೆಲೆ ಇಳಿಸ್ತಾನೆ.
ಮುರಿದು ನೋಡಬೇಕು, ಟಕ್ ಅನ್ನಬೇಕು,
ಬಗ್ಗಿದರೆ ಇನ್ನೂ ಒಣಗಿಲ್ಲ..."

ಎಲ್ಲ ಲುಓ ಭಾಷೆಯಲ್ಲಿ, ಒಂದೇ ಉಸಿರಿಗೆ.
"ಇಂಗ್ಲಿಷಿನಲ್ಲಿ ಹೇಳು" ಅನ್ನುವುದು ನಾಲಗೆಯ ತುದಿಗೆ ಬಂತು.
ನುಂಗಿಕೊಂಡೆ.
ಆ ನಿಯಮದ ಹಲಗೆ ಒಳಗೆ, ಗೋಡೆಯ ಮೇಲೆ ಇತ್ತು.
ನಾವು ಹೊರಗಿದ್ದೆವು.

ಒಡೆರೊಗೆ ಆ ದಿನ ಬೇರೆ ಕೆಲಸ ಕೊಟ್ಟಿದ್ದೆ:
ಕೇಳುವುದು ಒಂದೇ ಪ್ರಶ್ನೆ,
ಉತ್ತರ ಮುಗಿಯುವ ತನಕ ತುಟಿ ಎರಡು ಮಾಡಬಾರದು.
ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ,
ಕೈ ಬಿಟ್ಟರೆ ಮಾತು ಎದ್ದು ಓಡುತ್ತದೆ ಎಂಬಂತೆ.
ಕೊನೆಗೆ ಕೇಳಿದ:
"ಮಳೆ ಬಂದರೆ?"

ಅವಿತಿ ಸುಮ್ಮನಾದಳು.
ನನಗೆ ದಿಗಿಲು. ಮತ್ತೆ ಮೆಟ್ಟಿಲು ಇಳಿದಳೇ?
ಬಾಯಿ ಹಾಕಲು ಹೊರಟವಳು ಒಡೆರೊನನ್ನು ನೋಡಿ ನಿಂತೆ.
ಅವನು ಕಾಯುತ್ತಿದ್ದ.
ಜನ್ಮದಲ್ಲಿ ಮೊದಲ ಸಲ, ಬಾಯಿ ಬಿಗಿದು,
ಹುಬ್ಬು ಮೇಲೇರಿಸಿ, ನಿಜವಾಗಿಯೂ ಕಾಯುತ್ತಿದ್ದ.

"ಮಳೆ ಬಂದರೆ ಅಮ್ಮ ಮೊದಲು ಬೈತಾಳೆ," ಅಂದಳು,
"ಆಮೇಲೆ ಅಳ್ತಾಳೆ.
ಆಮೇಲೆ ಅದನ್ನ ಕೋಳಿಗೆ ಹಾಕ್ತೀವಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಹಿಂದಿನ ಸಾಲಿನಲ್ಲಿ ಯಾರೋ "ನಮ್ಮನೇಲೂ" ಅಂದರು,
ಅಷ್ಟೇ.
ನಿಮಿಷ ಯಾವಾಗ ಮುಗಿಯಿತೋ ನಾನು ನೋಡಿರಲಿಲ್ಲ.

ಈ ತಿಂಗಳು ಹೋಮಾ ಬೇಯಲ್ಲಿ ಶಿಕ್ಷಕರ ಸಭೆ.
"ಅಡಿಕಿನಿ ಮೇಡಂ ತಮ್ಮ ಅನುಭವ ಹೇಳುತ್ತಾರೆ" ಅಂದರು.
ಮೈಕು ಕೆಟ್ಟಿತ್ತು.
ಕೈಯಲ್ಲಿದ್ದ ಹಾಳೆ ಗಾಳಿಯಿಲ್ಲದೆಯೂ ಅಲುಗಿತು.
"ಗಟ್ಟಿಯಾಗಿ!" ಅಂತ ಹಿಂದಿನಿಂದ ಒಂದು ದನಿ.
ನಾನು ಸಾಲು ಸಾಲಾಗಿ ಹುಡುಕಿದೆ:
ಟೈ, ಕನ್ನಡಕ, ಫೈಲು, ಆಕಳಿಕೆ,
ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತವರು
ಒಬ್ಬರಾದರೂ ಇದ್ದಾರೆಯೇ ಎಂದು.