ಲಗೇಜ್ ಟಿಕೆಟ್

ಮಂಡಿಗೆ ಸ್ಕ್ರೂ ಹಾಕಿ ಮೂರು ತಿಂಗಳು
ಮೆಟ್ಟಿಲಿಳಿಯಬೇಡಿ ಅಂದರು ಡಾಕ್ಟರು.
ಗೋಪಾಳದ ಈ ಎರಡನೇ ಮಹಡಿಯಲ್ಲಿ
ಕೂತಲ್ಲೇ ಕೂತಿದ್ದೇನೆ,
ಹದಿನೇಳು ವರ್ಷ ನಿಂತೇ ಊರು ಮುಟ್ಟಿಸಿದವಳು.

ಕೆಳಮನೆ ಸೆಲಿನ್ ಟೀಚರ್ ಹತ್ತಿ ಬಂದು
ಕೈಗೊಂದು ಕ್ರೋಶಾ ಕಡ್ಡಿ ಇಟ್ಟರು.
"ಎಣಿಸೋಕೆ ಬರುತ್ತಲ್ಲ ಕಸ್ತೂರಿ, ಅಷ್ಟು ಸಾಕು."
ಎಣಿಸೋಕೆ ಬರುತ್ತಾ ಅಂತೆ!
ಐವತ್ತು ಸೀಟಿಗೆ ತೊಂಬತ್ತು ತಲೆ ಎಣಿಸಿ
ಬುಟ್ಟಿಯೊಳಗಿನ ಕೋಳಿಗೂ
ಅರ್ಧ ಟಿಕೆಟ್ ಹರಿದ ಕೈ ಇದು.

ಗಾಂಧಿಬಜಾರಿನಿಂದ ಒಂಬತ್ತು ಉಂಡೆ ಉಲ್ಲನ್ ತರಿಸಿದೆ.
ಕೆಂಪು ಬೇಡ, ಬಸ್ಸಿನ ಬಣ್ಣ, ಕಂಡದ್ದು ಸಾಕು.
ಹಲಸಿನ ತೊಳೆಯ ಹಳದಿ ಇರಲಿ ಅಂದೆ.

ಸರಪಳಿ ನೂರಾ ನಲವತ್ತೆರಡು. ತಿರುವು.
ಮೂರು ಸರಪಳಿ ಏರಿ
ಕಂಬ, ಕಂಬ, ಕಂಬ, ಆಮೇಲೊಂದು ಅರಳು.
ಅರಳು ಅಂದರೆ
ಒಂದೇ ತೂತಿಗೆ ಐದು ಕಂಬ ನುಗ್ಗಿಸಿ
ತಲೆಗಳನ್ನು ಒಟ್ಟಿಗೆ ಬಿಗಿಯೋದು.
ಮೂವರ ಸೀಟಲ್ಲಿ ಐವರು,
ಸ್ವಲ್ಪ ಸರೀರಿ ಅಮ್ಮಾ, ಸ್ವಲ್ಪ ಸರೀರಿ.
ಜಾಗ ಸಾಲದೆ ಉಬ್ಬಿ ಬರುತ್ತೆ,
ಹುರಿದ ಜೋಳ ಸಿಡಿದ ಹಾಗೆ.

ಸಾಲು ಮುಗಿದಾಗೆಲ್ಲ ಬಾಯಿಂದ ತಾನಾಗೇ
"ರೈಟ್!"
ಟೀಚರ್ ಮೊಮ್ಮಗಳು ಬಿದ್ದು ಬಿದ್ದು ನಗುತ್ತಾಳೆ.

ಆಯನೂರು, ಅರಸಾಳು, ರಿಪ್ಪನ್‌ಪೇಟೆ, ಹೊಸನಗರ,
ದಾರಿಯನ್ನೇ ಹೆಣೆದಿದೀರಿ ಅಂದ ನೋಡಲು ಬಂದ ಡ್ರೈವರ್ ಹಾಲೇಶಿ.
ಹಾಗೆಲ್ಲ ಏನಿಲ್ಲ ಮಾರಾಯ.
ಸುಮ್ಮನೆ ಉಬ್ಬು, ತಗ್ಗು, ಮತ್ತೆ ಉಬ್ಬು.
ಬೆರಳಿಗೆ ಹಿತ, ಅಷ್ಟೇ.

ನಲವತ್ತನೇ ಸಾಲಿಗೆ ನೋಡಿದರೆ ಅಂಚು ಸೊಟ್ಟ.
ಎಣಿಸಿದೆ. ನೂರಾ ಮೂವತ್ತೇಳು.
ಐದು ಎಲ್ಲಿ ಇಳಿದವೋ, ಯಾವ ತಿರುವಲ್ಲೋ.
ಡಿಪೋ ಆಗಿದ್ದರೆ ಜೇಬಿಂದ ಕಟ್ಟಿ ಮುಗಿಸುತ್ತಿದ್ದೆ.
ಇಲ್ಲಿ ಕಟ್ಟೋಕೆ ಬರೋದಿಲ್ಲ,
ಬಿಚ್ಚಬೇಕು, ಹನ್ನೊಂದು ಸಾಲು.
ಬಿಚ್ಚಿದ ದಾರ ನೆಟ್ಟಗಾಗಲೇ ಇಲ್ಲ,
ಜಡೆ ಬಿಚ್ಚಿದ ಕೂದಲ ಹಾಗೆ
ಮಡಿಲ ತುಂಬ ಸುರುಳಿ ಸುರುಳಿ.
ಸ್ವಲ್ಪ ಅತ್ತೆ ಕೂಡ.
ಮಂಡಿ ನೋವಿರಬೇಕು.

ಯಾರಿಗೆ ಅಂತ ಟೀಚರ್ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ:
ಕಬ್ಬಿನಮಕ್ಕಿ ನೈಟ್ ಹಾಲ್ಟು.
ಹಾಲೇಶಿ ಬಸ್ಸಲ್ಲೇ ಟಾರ್ಪಾಲು ಹೊದ್ದು ಮಲಗುವನು.
ನನಗೆ ಅಂಗನವಾಡಿ ಸಹಾಯಕಿ ಗುಲಾಬಿಯ ಮನೆ.
ಒಂದೇ ಚಾಪೆ, ಒಂದೇ ಸವೆದ ಹೊದಿಕೆ.
ಡಿಸೆಂಬರಿನಲ್ಲಿ ನಿದ್ದೆಗಣ್ಣಲ್ಲಿ ನಾನು ಎಳೆದುಕೊಳ್ಳುವೆ,
ಅವಳು ಎಳೆದುಕೊಳ್ಳುವುದಿಲ್ಲ.
ನಾಲ್ಕೂವರೆಗೆ ಎದ್ದರೆ
ಅವಳು ಸೀರೆ ಸೆರಗಲ್ಲಿ ಮುದುಡಿ,
ಹೊದಿಕೆ ಪೂರ್ತಿ ನನ್ನ ಮೇಲೆ.
ಹನ್ನೊಂದು ವರ್ಷ.
ಒಂದು ದಿನವೂ ಆ ಮಾತು ಬರಲಿಲ್ಲ,
ಅವಳೂ ಎತ್ತಲಿಲ್ಲ, ನಾನೂ.

ಮುಗಿಯಿತು. ತೂಕ ಎರಡು ಕೇಜಿ ಚಿಲ್ಲರೆ.
ಅಕ್ಕಿ ಚೀಲದಲ್ಲಿ ಹೊಲಿದು
ಹಾಲೇಶಿ ಕೈಯಲ್ಲಿ ಕಳಿಸಿದೆ.
ಹೊಸ ಕಂಡಕ್ಟರ್ ಹುಡುಗ ಫೋನಲ್ಲಿ,
"ಮೇಡಂ, ನಿಮ್ಮದಕ್ಕೂ ಲಗೇಜಾ? ಬಿಡಿ."
ಹರೀರಿ, ಅಂದೆ. ಚೆಕಿಂಗ್‌ನವರು ಹತ್ತಿದರೆ?
ದುಡ್ಡು ಹಾಲೇಶಿ ಹತ್ತಿರ ಇದೆ. ಟಿಕೆಟ್ ಹರೀರಿ.

ಮಾರನೇ ರಾತ್ರಿ ಗುಲಾಬಿ ಫೋನು.
ಚೆನ್ನಾಗಿದೆ ಅಂತ ಅಲ್ಲ.
"ಎಂಥ ಭಾರ ಕಣೇ ಇದು, ಎಮ್ಮೆ ಮಲಗಿದ ಹಾಗೆ!
ಬೆಕ್ಕಿನ ಉಗುರು ಬೇರೆ ಸಿಕ್ಕಿಕೊಂಡು ಕೂಗಿತು."
ಆಮೇಲೆ ಸ್ವಲ್ಪ ಹೊತ್ತು
ಸಿಗ್ನಲ್ಲೋ, ಅವಳೋ, ಸುಮ್ಮನೆ.

"ಉಬ್ಬೆಲ್ಲ ಒಳಗೆ ಮಾಡಿ ಹೊದ್ದೆ ನಾನು.
ಹೊರಗಿದ್ದರೆ ಯಾರಿಗೆ ತೋರಿಸೋದು?"