ಕಾಜ

ಗಬ್ಬೂರ ಕ್ರಾಸಿನ್ಯಾಗ ನಂದು ಸೀಟ್ ಕವರಿನ ಅಂಗಡಿ.
ಹೊಸಾ ಏಳು ಸೀಟಿನ ಗಾಡಿ ತಂದು ನಿಲ್ಲಿಸಿ
ಶಿಗ್ಗಾವಿ ಫಕ್ಕೀರಗೌಡ್ರು ಫೋನ್ ಹಿಡದ್ರು:
“ನೋಡೋ ದಾವಲ್, ಐದಕ್ಕ ಐದು ಸ್ಟಾರ್!”

ಗಾಡಿ ಹೋಗಿ ಗ್ವಾಡಿಗೆ ಬಡೀತು, ಸಪ್ಪಳಿಲ್ಲದ.
ಮೂತಿ ಹಪ್ಪಳ.
ಒಳಗಿನ ಹಳದಿ ಗೊಂಬಿಗೋಳು
ಗಾಳಿಚೀಲಕ್ಕ ಒಮ್ಮೆ ಮಾರಿ ಒತ್ತಿ
ತಿರಗಿ ತಮ್ಮ ಜಾಗಕ್ಕ ಬಂದು ಕುಂತವು,
ಪಂಕ್ತ್ಯಾಗ ಎಲಿ ಕಾಯೋರಂಗ.

ಗೊಂಬಿಗೆ ಬುತ್ತಿ ಬಿಚ್ಚೂದಿರಂಗಿಲ್ಲ.
ಗೊಂಬಿ ಕೂಸು ಯಾರ ತೊಡೀಮ್ಯಾಲೂ ಮಲಗಂಗಿಲ್ಲ.
ಏಳು ಸೀಟಿಗೆ ಹನ್ನೊಂದು ಮಂದಿ ತುಂಬಿ
“ಒಂಚೂರು ಸರಕೋರಿ” ಅನ್ನೋ ಅತ್ತಿಗಿ
ಅಲ್ಲಿಲ್ಲ.

ಗೌಡ್ರಂದ್ರು: “ಹಿಂದಿನ ಬಕ್ಕಲ್ ಚುಚ್ತಾವು,
ಐದೂ ಕವರಿನೊಳಗ ಹಾಕಿ ಹೊಲದಬಿಡು.”

ಹೂಂ ಅಂದೆ. ಇಪ್ಪತ್ತು ವರ್ಷ ಹಂಗ ಹೊಲದೇನಿ.
ಎಷ್ಟು ಬಾಯಿ ಮುಚ್ಚೇನೋ, ಲೆಕ್ಕಿಟ್ಟಿಲ್ಲ.

ರಾತ್ರಿ ಬೈಪಾಸಿನ ಲಾರಿ ಬೆಳಕು
ಶಟರಿನ ಸಂದ್ಯಾಗ ಹಾದು ಹಾದು ಹೋಗತಿತ್ತು.
ಬ್ಲೇಡ್ ತಗೊಂಡೆ. ಹೊಲದದ್ದನ್ನ ಸೀಳಿ
ಅಂಗಿಗೆ ಹಾಕಿದಂಗ
ಐದು ಕಾಜ ಹಾಕಿದೆ.

ಮುಂಜಾನೆ ಗೌಡ್ರು ಬೈದ್ರು. ರೊಕ್ಕಾನೂ ಮುರಕೊಂಡ್ರು.
ಅವರ ಮೊಮ್ಮಗಳು ಮಾತ್ರ ಹಿಂದ ಕುಂತು
ಟಕ್ ಅನಿಸಿದ್ಲು. ಬಿಚ್ಚಿದ್ಲು.
ಮತ್ತ ಟಕ್.