ಮೂವತ್ತಾರು ಹಲ್ಲು

ಮನುಷ್ಯನಿಗಿಂತ ನಾಲ್ಕು ಹಲ್ಲು ಜಾಸ್ತಿ ಇದಕ್ಕೆ.
ಗುತ್ಯಪ್ಪನ ಎದುರಿಗೇ ಎಣಿಸಿದೆ:
ಹನ್ನೊಂದು ಮೊಂಡು, ಎರಡು ಮುಕ್ಕು,
ಒಂದಕ್ಕೆ ತುದಿಯೇ ಇಲ್ಲ.
‘ಏನ್ ಕೊಯ್ದೆಪಾ, ಮರಾನೋ ರೈಲು ಕಂಬಿನೋ?’
ಮಂಡಕ್ಕಿ ಭಟ್ಟಿಯ ಮಸಿ ಮೆತ್ತಿದ ಟವೆಲಿನಲ್ಲಿ
ಮುಖ ಒರೆಸಿ, ಇನ್ನಷ್ಟು ಕಪ್ಪಾಗಿ,
‘ಮೊದ್ಲು ಎಷ್ಟಾಕ್ಕತಿ ಹೇಳು’ ಅಂದ.

ಬಿಚ್ಚದೆ ಬೆಲೆ ಹೇಳುವವನು ಜ್ಯೋತಿಷಿ.
ಬೂದಾಳ್ ರಸ್ತೆಯಲ್ಲಿ ಅವರೂ ಇದ್ದಾರೆ, ನಾಲ್ಕು ಅಂಗಡಿ ಆಚೆ.

ಪ್ಲಗ್ ತೆಗೆದ ತೂತಿಗೆ ನೂಲಿನ ಹಗ್ಗ ತುರುಕಿದೆ,
ಪಿಸ್ಟನ್ ಅಲುಗದಂತೆ.
ಕ್ಲಚ್ಚಿನದು ಉಲ್ಟಾ ತಿರುಪು.
ಲೋಕ ಬಿಗಿಯುವ ಕಡೆಗೆ ತಿರುಗಿಸಿದರೆ
ಇದು ಸಡಿಲಾಗುತ್ತದೆ.
ತಿಳಿಯದ ಹುಡುಗರು ಮುರಿದ ಮೂರು ಪಾನಾ
ಗೋಡೆಗೆ ತೂಗುಹಾಕಿದ್ದೇನೆ,
ತೀರಿಕೊಂಡವರ ಪಟದ ಹಾಗೆ.

ಕಾಯಿಲಿಗೂ ಚಕ್ರಕ್ಕೂ ನಡುವಿನ ಸಂದು ಅಳೆಯಲು
ಗೇಜು ಕೊಂಡರೆ ಮುನ್ನೂರು ರೂಪಾಯಿ.
ನನ್ನ ಹತ್ತಿರ ಇರುವುದು ಲಗ್ನಪತ್ರಿಕೆಯ ಚೂರು:
ವಧುವಿನ ಅರ್ಧ ಹೆಸರು, ‘ಶುಭ ಮಿಥುನ ಲ’.
ಅಷ್ಟು ಸಂದು ಸಾಕು, ಕಿಡಿ ಹಾರುತ್ತದೆ.

ಆಗ ಅವನು ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ.
‘ನೋಡು, ಹುಣಸೆ ಹೊಟ್ಟ್ಯಾಗಿತ್ತು.
ಹೊಡೆದೋನ ಕೈ ಸೇದಿಹೋಗ್ಲಿ.’

ಚೌಕ ಮೈ. ಚಪ್ಪಟೆ ತಲೆ.
ಅಂಗಡಿಯ ಮೊಳೆಯಲ್ಲ, ಲಾಳದ್ದು.

ನಮ್ಮಪ್ಪ ಬುಡೇನ್ ಸಾಬ್, ನಾಲ್ಬಂದ್.
ಹರಿಹರದ ರಸ್ತೆಯಲ್ಲಿ ಒಂದು ಹುಣಸೆ ಬುಡಕ್ಕೆ
ಹತ್ತಿಗಾಡಿಯ ಎತ್ತು ಕೆಡವಿ, ಕಾಲು ಕಟ್ಟಿ,
ಗೊರಸು ಹೆರೆದು ಲಾಳ ಹೊಡೆಯುತ್ತಿದ್ದ.
ಅಕ್ಷರ ಬರುತ್ತಿರಲಿಲ್ಲ.
ಉದ್ರಿ ಹೇಳಿದವನ ಹೆಸರಿಗೆ ಮರಕ್ಕೊಂದು ಮೊಳೆ.
ದುಡ್ಡು ತಂದ ದಿನ ಕಿತ್ತು, ನೆಟ್ಟಗೆ ಮಾಡಿ,
ಅವನದೇ ಎತ್ತಿನ ಕಾಲಿಗೆ ಬಡಿಯುವನು.
ಆಮೇಲೆ ಲಾರಿ ಬಂದವು, ಗಾಡಿ ಬರಲಿಲ್ಲ.
ಬಾಕಿ ಮೊಳೆಗಳನ್ನು ನುಂಗಿಕೊಂಡು
ಮರ ದಪ್ಪಗಾಯಿತು.

ಅದೇ ಮರವೋ ಏನೋ. ಆ ರಸ್ತೆಯಲ್ಲಿ ಹುಣಸೆಗೇನು ಬರವಿತ್ತು?
ಎಷ್ಟನೇ ಮೈಲಿಕಲ್ಲಿನ ಹತ್ತಿರ ಅಂತ
ಕೇಳಬಹುದಿತ್ತು. ಕೇಳಲಿಲ್ಲ.
ಹೊಡೆದವನ ಕೈ ನನಗೆ ಗೊತ್ತು.
ಕೊನೆಯ ಎರಡು ವರ್ಷ ಆ ಕೈಗೆ ನಾನೇ ಅನ್ನ ಕಲಸಿಕೊಟ್ಟೆ.

ದುಂಡನೆಯ ಅರ ತೆಗೆದುಕೊಂಡೆ, ನಾಲ್ಕು ಪಾಯಿಂಟ್ ಎಂಟರದು.
ಸಾಣೆಗೆ ಒಂದೇ ಕಾನೂನು:
ಎಲ್ಲಕ್ಕಿಂತ ಗಿಡ್ಡ ಹಲ್ಲೇ ಅಳತೆ.
ಗಟ್ಟಿ ಹಲ್ಲುಗಳನ್ನೂ ಅದರ ಮಟ್ಟಕ್ಕೆ ಉಜ್ಜಬೇಕು,
ಇಲ್ಲವಾದರೆ ಬ್ಲೇಡು ವಾಲಿ, ಕೊಯ್ತ ಸೊಟ್ಟ ಹೋಗುತ್ತದೆ.
ಮಗ್ಗಲು ಹದಿನೆಂಟು, ತಿರುಗಿಸಿ ಹದಿನೆಂಟು.
ಅರ ಮುಂದಕ್ಕಷ್ಟೇ ತಳ್ಳಬೇಕು, ಎಳೆಯುವಂತಿಲ್ಲ.
ಬೆರಳಿಗೆ ಬೆಳ್ಳಿಯ ಹಿಟ್ಟು.

ಸಿಗರೇಟು ಪ್ಯಾಕಿನ ಬೆನ್ನಿಗೆ ಬರೆದೆ:
ಪ್ಲಗ್ ನೂರಾ ನಲವತ್ತು.
ಕಾರ್ಬುರೇಟರ್ ಕಿಟ್ ಮುನ್ನೂರೈವತ್ತು
(ಮೈಸೂರಿನ ಮಾಲು, ಡೂಪ್ಲಿಕೇಟ್ ಅಲ್ಲ).
ಕ್ಲಚ್ ಸ್ಪ್ರಿಂಗ್ ಎಂಬತ್ತು.
ಸಾಣೆ, ಹಲ್ಲಿಗೆ ಐದರಂತೆ ನೂರೆಂಬತ್ತು.
ಕೂಲಿ ಮುನ್ನೂರು.
ಕೂಡಿಸಿದೆ. ಸಾಣೆಯದ್ದನ್ನು ಹೊಡೆದುಹಾಕಿದೆ.
‘ಯಾಕ?’ ಅಂದ.
‘ಮೊಳೆ ನನಗಿರಲಿ.’
‘ಗುಜರಿಯವ್ನು ಎಂಟಾಣೆ ಕೊಡಾಂಗಿಲ್ಲ ಅದಕ್ಕ!’

ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಕೆಮ್ಮಿ,
ನಾಲ್ಕಕ್ಕೆ ಕಿರುಚಿತು. ಬೀದಿನಾಯಿ ಎದ್ದು ಹೋಯಿತು.
ಗುತ್ಯಪ್ಪ ನಕ್ಕ, ಐನೂರರ ನೋಟು ಇಟ್ಟ,
ಗರಗಸ ಹೆಗಲಿಗೇರಿಸಿದ.
‘ಉಳಿದಿದ್ದು ಸೋಮವಾರ ಕೊಡ್ತೀನಿ.’

ಮುನ್ನೂರ ಎಪ್ಪತ್ತು.
ಮೊಳೆ ಹಿಡಿದು ಸುತ್ತ ನೋಡಿದೆ:
ಗೋಡೆ ಸಿಮೆಂಟಿನದು, ಬಾಗಿಲು ತಗಡಿನದು,
ಬೆಂಚೂ ಕಬ್ಬಿಣದ್ದೇ.